ನಿವೃತ್ತ ಆಂಬುಲೆನ್ಸಿನ ಎರಡನೆಯ ಬಾಳು

ಆಂಬುಲೆನ್ಸು ಬರುತ್ತಿರುವ ಸದ್ದು ಕಿವಿಗೆ ಬಿದ್ದೊಡನೆ ರಸ್ತೆಯ ಮೇಲಿನ ವಾಹನಗಳೆಲ್ಲ ಬದಿಗೆ ಸರಿದು ದಾರಿ ಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಆ ಆಂಬುಲೆನ್ಸು ಮುದಿಯಾದ ಮೇಲೆ ಏನಾಗುತ್ತದೆಂಬುದನ್ನು ಯೋಚಿಸಿದವರು ವಿರಳ. ರೋಗಿಯ ಪ್ರಾಣವನ್ನು ಹೊತ್ತು ಓಡುವ ವಾಹನವು ನಡುದಾರಿಯಲ್ಲಿ ಕೆಟ್ಟು ನಿಲ್ಲುವಂತಿಲ್ಲ. ಆದಕಾರಣ ಅದು ಇನ್ನೂ ಚೆನ್ನಾಗಿ ಓಡಬಲ್ಲ ಸ್ಥಿತಿಯಲ್ಲಿರುವಾಗಲೇ ಅದನ್ನು ಸೇವೆಯಿಂದ ಬಿಡುಗಡೆ ಮಾಡುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇಂಥ ವಾಹನಗಳು ಹರಾಜಿಗೆ ಬರುತ್ತವೆ. ಮರುಭೂಮಿ, ಕಾಡು, ಪರ್ವತಗಳಲ್ಲಿ ತಿಂಗಳುಗಟ್ಟಲೆ ಸಂಚರಿಸಬೇಕೆಂಬ ಹಂಬಲವುಳ್ಳವರು ಅವನ್ನು ಕೊಂಡು, ಒಳಗೆ ಹಾಸಿಗೆ, ಒಲೆ, ನೀರಿನ ತೊಟ್ಟಿಗಳನ್ನಿರಿಸಿ, ಚಲಿಸುವ ಮನೆಗಳನ್ನಾಗಿ ಮಾರ್ಪಡಿಸಿಕೊಳ್ಳುತ್ತಾರೆ.

ಇದು ಬಡಗಿಯ ಕೆಲಸವೆಂದು ಮೇಲುನೋಟಕ್ಕೆ ತೋರಬಹುದು. ವಾಸ್ತವದಲ್ಲಿ ಇದು ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳು ಒಡ್ಡುವ ಒಂದು ಪರೀಕ್ಷೆ. ಆಂಬುಲೆನ್ಸು ರಚಿತವಾದುದು ಎಂಜಿನ್ನು ಓಡುತ್ತಿರುವಾಗ, ಒಳಗಿರುವ ಪರಿಚಾರಕರು ಎಚ್ಚರವಾಗಿರುವಾಗ, ಸ್ವಲ್ಪ ಹೊತ್ತಿನ ಪ್ರಯಾಣದಲ್ಲಿ ಕೆಲಸ ಮಾಡಲೆಂದು. ಮನೆಯಾದ ಮೇಲೆ ಅದು ಎಂಜಿನ್ನು ನಿಂತಿರುವಾಗ, ಒಳಗಿನವರು ನಿದ್ರಿಸುತ್ತಿರುವಾಗ, ಇಡೀ ರಾತ್ರಿ ಕೆಲಸ ಮಾಡಬೇಕು. ಈ ಒಂದು ವ್ಯತ್ಯಾಸದಿಂದಲೇ ಮಾರ್ಪಾಡಿನ ಬಹುಪಾಲು ಸಮಸ್ಯೆಗಳೂ ಅಪಾಯಗಳೂ ಹುಟ್ಟುತ್ತವೆ. ಅವುಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ವಾಹನದ ರಚನೆ

1960ರ ದಶಕದವರೆಗೂ ಅಮೆರಿಕದ ಅನೇಕ ಊರುಗಳಲ್ಲಿ ರೋಗಿಗಳನ್ನು ಸಾಗಿಸುತ್ತಿದ್ದವರು ಶವಸಂಸ್ಕಾರದ ವೃತ್ತಿಯವರು. ಮಲಗಿಸಿ ಸಾಗಿಸಬಲ್ಲ ಉದ್ದನೆಯ ಕಾರುಗಳು ಅವರಲ್ಲಿ ಮಾತ್ರ ಇದ್ದುದೇ ಇದಕ್ಕೆ ಕಾರಣ. ಆ ಕಾರುಗಳಲ್ಲಿ ರೋಗಿಗೆ ಚಿಕಿತ್ಸೆ ನೀಡಲು ಸ್ಥಳವಿರಲಿಲ್ಲ. ಅಪಘಾತಗಳಿಂದಾಗುವ ಸಾವುನೋವುಗಳನ್ನು ಕುರಿತು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು 1966ರಲ್ಲಿ ಪ್ರಕಟಿಸಿದ ವರದಿಯು ಈ ಕೊರತೆಯನ್ನು ಎತ್ತಿ ತೋರಿಸಿತು. 1974ರಲ್ಲಿ ಕೆಕೆಕೆ-ಎ-1822 ಎಂಬ ಸಂಖ್ಯೆಯ ಸರ್ಕಾರಿ ನಿರ್ದಿಷ್ಟ ವಿವರಣೆಯು ಹೊರಬಂದಿತು. ಆಂಬುಲೆನ್ಸು ಹೇಗಿರಬೇಕೆಂಬುದನ್ನು ಅದು ಗೊತ್ತುಪಡಿಸಿತು.

ಆ ವಿವರಣೆಯ ಪ್ರಕಾರ ಆಂಬುಲೆನ್ಸುಗಳಲ್ಲಿ ಮೂರು ಬಗೆ. ಲಾರಿಯ ಚಾಸಿಯ ಮೇಲೆ ಪೆಟ್ಟಿಗೆಯಾಕಾರದ ಕೋಣೆಯನ್ನು ಕೂರಿಸಿದ್ದು ಮೊದಲನೆಯದು. ಮುಚ್ಚಿದ ವ್ಯಾನನ್ನೇ ಒಳಗಿನಿಂದ ಮಾರ್ಪಡಿಸಿದ್ದು ಎರಡನೆಯದು. ವ್ಯಾನಿನ ಮುಂಭಾಗವನ್ನು ಮಾತ್ರ ಉಳಿಸಿಕೊಂಡು, ಅದರ ಹಿಂದೆ ಪೆಟ್ಟಿಗೆಯನ್ನು ಜೋಡಿಸಿದ್ದು ಮೂರನೆಯದು. ಮೊದಲನೆಯ ಮತ್ತು ಮೂರನೆಯ ಬಗೆಯ ವಾಹನಗಳೇ ಪ್ರವಾಸಿಗರಿಗೆ ಹೆಚ್ಚು ಪ್ರಿಯವಾದವು. ಅವುಗಳ ಪೆಟ್ಟಿಗೆಯು ಸಾಮಾನ್ಯವಾಗಿ ಅಲ್ಯೂಮಿನಿಯಮಿನದು. ಅನೇಕ ವಾಹನಗಳಲ್ಲಿ ಒಳಗಿನ ಎತ್ತರ 72 ಇಂಚುಗಳಷ್ಟಿರುವುದರಿಂದ ಸಾಮಾನ್ಯ ಎತ್ತರದ ಮನುಷ್ಯನು ನೆಟ್ಟಗೆ ನಿಲ್ಲಬಹುದು. ಹೊರಗಿನಿಂದ ತೆರೆಯುವ ಭದ್ರವಾದ ಕಪಾಟುಗಳೂ, ಒಳಗೆ ಬೇಕಾದಷ್ಟು ದೀಪಗಳೂ, ದಪ್ಪನೆಯ ತಂತಿಗಳ ಜಾಲವೂ ಮೊದಲೇ ಸಿದ್ಧವಾಗಿರುತ್ತವೆ.

ಮೈಲಿಯಲ್ಲ, ಗಂಟೆ

ಹಳೆಯ ವಾಹನವನ್ನು ಕೊಳ್ಳುವವರು ಮೊದಲು ನೋಡುವುದು ಅದು ಓಡಿದ ಮೈಲಿಗಳನ್ನು. ಆಂಬುಲೆನ್ಸಿನ ವಿಷಯದಲ್ಲಿ ಇದು ಮೋಸಗೊಳಿಸುವ ಅಳತೆ. ಅಪಘಾತದ ಸ್ಥಳದಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ, ಮುಂದಿನ ಕರೆಗಾಗಿ ಕಾಯುವಲ್ಲಿ ಅದರ ಎಂಜಿನ್ನು ಗಂಟೆಗಟ್ಟಲೆ ನಿಂತಲ್ಲಿಯೇ ಓಡುತ್ತಿರುತ್ತದೆ. ಆಗ ಚಕ್ರ ತಿರುಗದಿದ್ದರೂ ಎಂಜಿನ್ನು ಸವೆಯುತ್ತದೆ. ನಿಂತಲ್ಲಿ ಓಡುವ ಡೀಸೆಲ್ ಎಂಜಿನ್ನಿನ ಸಿಲಿಂಡರುಗಳು ಸಾಕಷ್ಟು ಬಿಸಿಯಾಗವು. ಪೂರ್ತಿ ಉರಿಯದ ಇಂಧನವು ಗೋಡೆಗಳ ಮೇಲಿನ ಎಣ್ಣೆಯ ಪೊರೆಯನ್ನು ತೊಳೆದು, ಕೆಳಗಿಳಿದು, ಎಂಜಿನ್ ಎಣ್ಣೆಯನ್ನು ತೆಳುವಾಗಿಸುತ್ತದೆ.

ನಿಂತಲ್ಲಿ ಓಡಿದ ಒಂದು ಗಂಟೆಯನ್ನು ಸುಮಾರು 25 ಮೈಲಿಗಳ ಸವೆತಕ್ಕೆ ಸಮನೆಂದು ಎಣಿಸುವುದು ವಾಡಿಕೆ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಮೈಲಿಮಾಪಕವು 90,000 ಮೈಲಿಗಳನ್ನೂ ಗಂಟೆಮಾಪಕವು 8,000 ಗಂಟೆಗಳನ್ನೂ ತೋರಿಸುತ್ತಿರಲಿ. ಸರಾಸರಿ ವೇಗ ಗಂಟೆಗೆ 30 ಮೈಲಿಯಾದರೆ, ಓಡಾಟಕ್ಕೆ ಸಂದದ್ದು 3,000 ಗಂಟೆ. ಉಳಿದ 5,000 ಗಂಟೆಗಳು 1,25,000 ಮೈಲಿಗಳಿಗೆ ಸಮ. ಎಂದರೆ ಎಂಜಿನ್ನಿನ ನಿಜವಾದ ವಯಸ್ಸು 2,15,000 ಮೈಲಿ. ಗಂಟೆಮಾಪಕವನ್ನು ನೋಡದೆ ಕೊಂಡವನು ತರುಣನೆಂದು ನಂಬಿ ಮುದುಕನನ್ನು ಮನೆಗೆ ಕರೆತಂದಂತಾಯಿತು.

ಮೊದಲ ಕೆಲಸ ಶುದ್ಧಿ

ವಾಹನವು ಕೈಗೆ ಬಂದ ಮೇಲೆ ಅದರ ಹಳೆಯ ಗುರುತುಗಳನ್ನು ತೆಗೆಯಬೇಕು. ಆಂಬುಲೆನ್ಸುಗಳ ಮೇಲೆ ಕಾಣುವ ಆರು ತೋಳಿನ ನೀಲಿ ನಕ್ಷತ್ರವು ಅಮೆರಿಕದಲ್ಲಿ 1977ರಲ್ಲಿ ನೋಂದಣಿಯಾದ ಚಿಹ್ನೆ. ಅದನ್ನು ಖಾಸಗಿ ವಾಹನವು ಧರಿಸುವಂತಿಲ್ಲ. ಮಿನುಗುವ ದೀಪ, ಸೈರನ್ನುಗಳ ಬಳಕೆಗೂ ಕಾನೂನಿನ ತಡೆಯುಂಟು. ಇದು ನ್ಯಾಯವೇ ಸರಿ. ಸುಳ್ಳು ಆಂಬುಲೆನ್ಸುಗಳು ಹೆಚ್ಚಿದರೆ ನಿಜವಾದುದಕ್ಕೆ ದಾರಿ ಬಿಡುವವರು ಇಲ್ಲವಾದಾರು.

ಬಳಿಕ ಒಳಭಾಗವನ್ನು ಶುದ್ಧಿಮಾಡಬೇಕು. ಕಪಾಟುಗಳ ಹಿಂದೆ, ಆಸನಗಳ ಸಂದಿಯಲ್ಲಿ ಬಳಸಿದ ಸೂಜಿಗಳು ಬಿದ್ದಿರಬಹುದು. ಆದುದರಿಂದ ದಪ್ಪನೆಯ ಕೈಗವಸು ತೊಟ್ಟು, ದೀಪ ಹಿಡಿದು ನೋಡದ ಹೊರತು ಕೈಯನ್ನು ಒಳಗೆ ತೂರಿಸಬಾರದು. ಕ್ರಿಮಿನಾಶಕ್ಕೆ ನೀರು ಬೆರೆಸಿದ ಸೋಡಿಯಂ ಹೈಪೋಕ್ಲೋರೈಟಿನ ದ್ರಾವಣವನ್ನು ಬಳಸುವುದುಂಟು. ಇದನ್ನು ಆಮ್ಲದೊಡನೆ ಬೆರೆಸಿದರೆ ಕ್ಲೋರಿನ್ನೂ, ಅಮೋನಿಯದೊಡನೆ ಬೆರೆಸಿದರೆ ಕ್ಲೋರಮೀನುಗಳೂ ಹೊರಬೀಳುತ್ತವೆ. ಎರಡೂ ಶ್ವಾಸಕೋಶಕ್ಕೆ ವಿಷ. ಈ ದ್ರಾವಣವು ಅಲ್ಯೂಮಿನಿಯಮನ್ನೂ ತಿನ್ನುವುದರಿಂದ, ಕೆಲಸ ಮುಗಿದ ಕೂಡಲೇ ಶುದ್ಧ ನೀರಿನಿಂದ ಒರೆಸತಕ್ಕದ್ದು.

ತೂಕದ ಲೆಕ್ಕ

ಈಗ ಮನೆ ಕಟ್ಟುವ ಕೆಲಸ. ಪ್ರತಿಯೊಂದು ಚಾಸಿಗೂ ಅದು ಹೊರಬಲ್ಲ ಒಟ್ಟು ತೂಕವನ್ನು ತಯಾರಕರು ಗೊತ್ತುಪಡಿಸಿರುತ್ತಾರೆ. ಅನೇಕ ಆಂಬುಲೆನ್ಸುಗಳಿಗೆ ಆಧಾರವಾದ ಫೋರ್ಡ್ ಇ-450 ಚಾಸಿಗೆ ಈ ಮಿತಿಯು ಸುಮಾರು 14,000 ಪೌಂಡು, ಎಂದರೆ 6,400 ಕಿಲೋಗ್ರಾಂ. ವಾಹನ, ಜನ, ಇಂಧನ, ನೀರು, ಸಾಮಾನು ಎಲ್ಲವೂ ಇದರೊಳಗೆ ಅಡಗಬೇಕು. ಒಂದು ಲೀಟರು ನೀರು ಒಂದು ಕಿಲೋಗ್ರಾಂ ತೂಗುತ್ತದೆ. 150 ಲೀಟರಿನ ತೊಟ್ಟಿಯನ್ನಿಟ್ಟರೆ ಇಬ್ಬರು ವಯಸ್ಕರನ್ನು ಹೆಚ್ಚಾಗಿ ಹತ್ತಿಸಿಕೊಂಡಂತೆ. ಆದಕಾರಣ ಕೆಲಸದ ಮೊದಲೂ ಕೊನೆಯೂ ವಾಹನವನ್ನು ತೂಕದ ಸೇತುವೆಯ ಮೇಲೆ ನಿಲ್ಲಿಸಿ, ಮುಂದಿನ ಮತ್ತು ಹಿಂದಿನ ಅಚ್ಚುಗಳ ಮೇಲೆ ಬೀಳುವ ಭಾರವನ್ನು ಬೇರೆ ಬೇರೆಯಾಗಿ ಅಳೆಯಬೇಕು.

ಎಷ್ಟು ತೂಕವೆಂಬುದರಷ್ಟೇ ಮುಖ್ಯವಾದುದು, ಅದು ಎಷ್ಟು ಎತ್ತರದಲ್ಲಿದೆ ಎಂಬುದು. 6,000 ಕಿಲೋಗ್ರಾಂ ತೂಕದ ವಾಹನದ ಗುರುತ್ವಕೇಂದ್ರವು ನೆಲದಿಂದ 1.20 ಮೀಟರು ಎತ್ತರದಲ್ಲಿದೆಯೆಂದು ಊಹಿಸೋಣ. 150 ಕಿಲೋಗ್ರಾಂ ಸಾಮಾನನ್ನು 2.7 ಮೀಟರು ಎತ್ತರದ ಛಾವಣಿಯ ಮೇಲೆ ಹೇರಿದರೆ, ಗುರುತ್ವಕೇಂದ್ರವು ಸುಮಾರು 1.24 ಮೀಟರಿಗೆ ಏರುತ್ತದೆ. ಅದೇ ಭಾರವನ್ನು 0.6 ಮೀಟರು ಎತ್ತರದಲ್ಲಿ, ನೆಲಗಟ್ಟಿನ ಬಳಿ ಇರಿಸಿದರೆ, 1.19 ಮೀಟರಿಗೆ ಇಳಿಯುತ್ತದೆ. ಐದು ಸೆಂಟಿಮೀಟರಿನ ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಇಂಥ ಐದಾರು ತಪ್ಪುಗಳು ಸೇರಿದಾಗ, ಓರೆಯಾದ ಬೆಟ್ಟದ ದಾರಿಯಲ್ಲಿ ವಾಹನವು ಮಗುಚುವ ಕೋನವು ಗಣನೀಯವಾಗಿ ಕಿರಿದಾಗುತ್ತದೆ. ಭಾರವಾದುದು ಕೆಳಗೆ, ಅಚ್ಚುಗಳ ನಡುವೆ, ಹಗುರವಾದುದು ಮೇಲೆ. ಇದೇ ನಿಯಮ.

ಭಾರವು ಇಳಿಜಾರಿನಲ್ಲಿ ಇನ್ನೊಂದು ರೂಪದಲ್ಲಿ ಎದುರಾಗುತ್ತದೆ. ಕೊಲರಾಡೊ ಸಂಸ್ಥಾನದ ಐಸೆನ್‌ಹೋವರ್ ಸುರಂಗವು ಸಮುದ್ರಮಟ್ಟದಿಂದ ಸುಮಾರು 3,400 ಮೀಟರು ಎತ್ತರದಲ್ಲಿದೆ. ಡೆನ್ವರ್ ನಗರವು 1,600 ಮೀಟರಿನಲ್ಲಿದೆ. 6,000 ಕಿಲೋಗ್ರಾಂ ವಾಹನವು ಅಲ್ಲಿಂದ ಇಲ್ಲಿಗೆ ಇಳಿಯುವಾಗ 6,000 × 9.8 × 1,800, ಎಂದರೆ ಸುಮಾರು 10.6 ಕೋಟಿ ಜೂಲುಗಳಷ್ಟು ಶಕ್ತಿಯನ್ನು ಕಳೆದುಕೊಳ್ಳಬೇಕು. 25 ಡಿಗ್ರಿ ಸೆಂಟಿಗ್ರೇಡಿನಲ್ಲಿರುವ 340 ಲೀಟರು ನೀರನ್ನು 100 ಡಿಗ್ರಿಗೆ ಏರಿಸಲು ಇಷ್ಟು ಶಾಖ ಸಾಕು. ಗಾಳಿಯ ತಡೆಯೂ ಟಯರುಗಳ ಘರ್ಷಣೆಯೂ ಒಂದು ಭಾಗವನ್ನು ಹೀರುತ್ತವೆ. ಉಳಿದುದೆಲ್ಲವನ್ನೂ ಬ್ರೇಕುಗಳಿಗೇ ವಹಿಸಿದರೆ ಅವು ಕಾದು ಹಿಡಿತ ತಪ್ಪುತ್ತವೆ. ಕೆಳಗಿನ ಗೇರಿನಲ್ಲಿಳಿದು, ಎಂಜಿನ್ನಿನಿಂದಲೇ ವೇಗವನ್ನು ತಡೆಯುವುದು ಆದಕಾರಣವೇ ಅಗತ್ಯ.

ವಿದ್ಯುತ್ತಿನ ಲೆಕ್ಕ

ಆಂಬುಲೆನ್ಸಿನಲ್ಲಿ ವಿದ್ಯುತ್ತಿಗೆ ಬಡತನವಿಲ್ಲ. ಡೀಸೆಲ್ ಎಂಜಿನ್ನಿನ ಅನೇಕ ಫೋರ್ಡ್ ಆಂಬುಲೆನ್ಸುಗಳಿಗೆ ಎರಡು ಆಲ್ಟರ್ನೇಟರುಗಳಿದ್ದು, ಅವು ಒಟ್ಟಾಗಿ 200 ಆಂಪಿಯರುಗಳನ್ನೂ ಮೀರಿದ ಪ್ರವಾಹವನ್ನು ಕೊಡಬಲ್ಲವು. ಆದರೆ ಈ ಸಿರಿಯೆಲ್ಲ ಎಂಜಿನ್ನು ಓಡುವವರೆಗೆ ಮಾತ್ರ. ಅದು ನಿಂತ ಮೇಲೆ ಬ್ಯಾಟರಿಯೇ ಗತಿ. ಆದುದರಿಂದ ಎಂಜಿನ್ನನ್ನು ಚಾಲೂ ಮಾಡುವ ಬ್ಯಾಟರಿಯನ್ನು ಬೇರೆಯಾಗಿಟ್ಟು, ಮನೆಬಳಕೆಗೆ ಇನ್ನೊಂದನ್ನು ಇಡುವುದು ಮೊದಲ ಸೂತ್ರ. ಎರಡನ್ನೂ ಜೋಡಿಸುವ ರಿಲೇಯು ಎಂಜಿನ್ನು ನಿಂತೊಡನೆ ಅವನ್ನು ಬೇರ್ಪಡಿಸಬೇಕು. ಇಲ್ಲವಾದರೆ ರಾತ್ರಿಯೆಲ್ಲ ಓಡಿದ ಶೀತಕ ಪೆಟ್ಟಿಗೆಯು ಬೆಳಗ್ಗೆ ನಿರ್ಜನ ಪ್ರದೇಶದಲ್ಲಿ ವಾಹನವನ್ನೇ ನಿಲ್ಲಿಸಿಬಿಟ್ಟೀತು.

ಮನೆಬಳಕೆಯ ಬ್ಯಾಟರಿಯು 12 ವೋಲ್ಟಿನ, 200 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯೆಂದಿರಲಿ. ಅದರಲ್ಲಿರುವುದು 2,400 ವಾಟ್-ಗಂಟೆಗಳ ಶಕ್ತಿ. ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುವುದರಿಂದ, ಬಳಸಲು ದೊರೆಯುವುದು 1,200. ಶೀತಕ ಪೆಟ್ಟಿಗೆಗೆ ದಿನಕ್ಕೆ 360, ಗಾಳಿಯಂತ್ರಕ್ಕೆ 200, ದೀಪಗಳಿಗೆ 40, ನೀರೆತ್ತುವ ಪಂಪಿಗೆ 15, ಒಟ್ಟು 615 ವಾಟ್-ಗಂಟೆ ಬೇಕಾದೀತು. ಎರಡು ದಿನ ಒಂದೇ ಕಡೆ ನಿಲ್ಲುವಷ್ಟಾಯಿತು. ಛಾವಣಿಯ ಮೇಲೆ 200 ವಾಟಿನ ಸೌರಫಲಕವಿದ್ದು, ದಿನಕ್ಕೆ ನಾಲ್ಕು ಗಂಟೆಗಳಷ್ಟು ಪೂರ್ಣ ಬಿಸಿಲು ದೊರೆತರೆ, ನಷ್ಟಗಳನ್ನು ಕಳೆದು ಸುಮಾರು 600 ವಾಟ್-ಗಂಟೆ ಮರಳಿ ಬರುತ್ತದೆ. ಲಿಥಿಯಂ ಬ್ಯಾಟರಿಗಳು ಇದಕ್ಕಿಂತ ಹಗುರ. ಅವುಗಳ ಶಕ್ತಿಯಲ್ಲಿ ಹೆಚ್ಚು ಪಾಲನ್ನು ಬಳಸಲೂಬಹುದು. ಆದರೆ ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು ನೀರು ಹೆಪ್ಪುಗಟ್ಟುವ ಉಷ್ಣತೆಗಿಂತ ಕೆಳಗೆ ತುಂಬಿಸಬಾರದು. ಆಗ ಲೋಹ ಲಿಥಿಯಂ ಒಳಗೆ ಪದರಗಟ್ಟಿ ಬ್ಯಾಟರಿ ಕೆಡುತ್ತದೆ.

ತಂತಿಯ ದಪ್ಪವನ್ನು ಓಮನ ನಿಯಮವು ನಿರ್ಧರಿಸುತ್ತದೆ. 1,200 ವಾಟಿನ ಉಪಕರಣಕ್ಕೆ 12 ವೋಲ್ಟಿನಲ್ಲಿ 100 ಆಂಪಿಯರು ಬೇಕು. ಬ್ಯಾಟರಿಯಿಂದ ಉಪಕರಣಕ್ಕೆ 5 ಮೀಟರು ದೂರವಿದ್ದರೆ, ಹೋಗಿಬರುವ ತಂತಿಯ ಉದ್ದ 10 ಮೀಟರು. 10 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ಅದರ ರೋಧ ಸುಮಾರು 0.017 ಓಮು. ತಂತಿಯಲ್ಲೇ 1.7 ವೋಲ್ಟು ಬಿದ್ದುಹೋಗಿ, 170 ವಾಟುಗಳಷ್ಟು ಶಕ್ತಿ ಶಾಖವಾಗಿ ಗೋಡೆಯೊಳಗೆ ಹರಿಯುತ್ತದೆ. ಇದು ಬೆಂಕಿಗೆ ಆಹ್ವಾನ. 50 ಚದರ ಮಿಲಿಮೀಟರಿನ ತಂತಿಯನ್ನು ಬಳಸಿದರೆ ನಷ್ಟವು 34 ವಾಟಿಗೆ ಇಳಿಯುತ್ತದೆ. ತಂತಿಗೆ ತಕ್ಕ ಫ್ಯೂಸನ್ನು ಬ್ಯಾಟರಿಗೆ ಆದಷ್ಟು ಸಮೀಪದಲ್ಲಿ ಹಾಕಬೇಕು. ದೂರದಲ್ಲಿ ಹಾಕಿದರೆ, ಅದಕ್ಕೂ ಬ್ಯಾಟರಿಗೂ ನಡುವಿನ ತಂತಿಗೆ ಕಾವಲಿಲ್ಲದಂತಾಗುತ್ತದೆ. ಹಳೆಯ ತಂತಿಗಳನ್ನು ಯಾವುದು ಯಾವುದಕ್ಕೆಂದು ಗುರುತುಹಾಕದೆ ಕತ್ತರಿಸಕೂಡದು. ಎಂಜಿನ್ನಿಗೋ ಬಾಲದೀಪಕ್ಕೋ ಸೇರಿದ ತಂತಿಯೂ ಅವುಗಳ ನಡುವೆ ಇದ್ದೀತು.

ಶಾಖ ಮತ್ತು ತೇವ

ಅಲ್ಯೂಮಿನಿಯಂ ಉತ್ತಮ ಉಷ್ಣವಾಹಕ. ಗೋಡೆಗಳ ನಡುವೆ ನೊರೆಯಂಥ ನಿರೋಧಕವನ್ನು ತುಂಬದಿದ್ದರೆ, ಬೇಸಗೆಯಲ್ಲಿ ಪೆಟ್ಟಿಗೆಯು ಒಲೆಯಾಗುತ್ತದೆ. ಚಳಿಗಾಲದಲ್ಲಿ ಮಂಜಿನ ಗುಹೆಯಾಗುತ್ತದೆ. ಪೆಟ್ಟಿಗೆಯ ಆರು ಮುಖಗಳ ಒಟ್ಟು ವಿಸ್ತೀರ್ಣ 45 ಚದರ ಮೀಟರು, ನಿರೋಧಕದ ದಪ್ಪ 5 ಸೆಂಟಿಮೀಟರು, ಒಳಹೊರಗಿನ ಉಷ್ಣತೆಗಳ ಅಂತರ 20 ಡಿಗ್ರಿ ಎಂದಿಟ್ಟುಕೊಂಡರೆ, ಗೋಡೆಗಳ ಮೂಲಕ ಸುಮಾರು 630 ವಾಟುಗಳಷ್ಟು ಶಾಖ ಸೋರುತ್ತದೆ. ಚೌಕಟ್ಟಿನ ಲೋಹದ ಕಂಬಗಳು ನಿರೋಧಕವನ್ನು ದಾಟಿ ಒಳಹೊರಗನ್ನು ಕೂಡಿಸುವ ಸೇತುವೆಗಳಾದುದರಿಂದ, ನಿಜವಾದ ಸೋರಿಕೆ ಇದಕ್ಕಿಂತ ಹೆಚ್ಚು.

ನಿದ್ರಿಸುವ ಇಬ್ಬರು ಮನುಷ್ಯರು ಒಂದು ರಾತ್ರಿಯಲ್ಲಿ ಉಸಿರು, ಬೆವರುಗಳ ಮೂಲಕ ಅರ್ಧ ಲೀಟರಿನಷ್ಟು ನೀರನ್ನು ಗಾಳಿಗೆ ಸೇರಿಸಬಲ್ಲರು. ಈ ಆವಿಯು ತಣ್ಣನೆಯ ಲೋಹವನ್ನು ಮುಟ್ಟಿದೊಡನೆ ಹನಿಗಟ್ಟಿ ಗೋಡೆಯ ಹಿಂದೆ ಇಳಿಯುತ್ತದೆ. ಅಲ್ಲಿ ಮರ ಕೊಳೆಯುತ್ತದೆ, ಬೂಷ್ಟು ಬೆಳೆಯುತ್ತದೆ. ಇದಕ್ಕೆ ಪರಿಹಾರ ಎರಡು. ಲೋಹದ ಕಂಬಗಳ ಮೇಲೂ ನಿರೋಧಕವನ್ನು ಹೊದಿಸುವುದು ಒಂದು. ಎಂಥ ಚಳಿಯಲ್ಲೂ ಗಾಳಿಯಾಡಲು ಕಿಂಡಿಗಳನ್ನು ತೆರೆದಿಡುವುದು ಇನ್ನೊಂದು. ಈ ಎರಡನೆಯದು ಕೇವಲ ತೇವದ ವಿಷಯವಲ್ಲ, ಪ್ರಾಣದ ವಿಷಯ.

ಗಾಳಿಯ ಲೆಕ್ಕ

ಮುಚ್ಚಿದ ಪೆಟ್ಟಿಗೆಯೊಳಗೆ ಯಾವ ಇಂಧನವನ್ನು ಉರಿಸಿದರೂ ಆಮ್ಲಜನಕ ಕಡಮೆಯಾಗುತ್ತ ಹೋಗುತ್ತದೆ. ಆಗ ದಹನವು ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡು ಉತ್ಪತ್ತಿಯಾಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಹೆಚ್ಚು ಬಲವಾಗಿ ಹಿಡಿದುಕೊಳ್ಳುತ್ತದೆ. ಎಚ್ಚರವಾಗಿರುವವನಿಗೆ ತಲೆನೋವು, ವಾಕರಿಕೆಗಳು ಮುನ್ಸೂಚನೆ ಕೊಡಬಹುದು. ನಿದ್ರಿಸುತ್ತಿರುವವನಿಗೆ ಯಾವ ಸೂಚನೆಯೂ ಇಲ್ಲ. ಅವನು ಏಳುವುದೇ ಇಲ್ಲ. ಆದಕಾರಣ ಅಡಿಗೆಯ ಒಲೆಯನ್ನು ಎಂದಿಗೂ ಕೋಣೆ ಕಾಯಿಸಲು ಉರಿಸಬಾರದು. ಶಾಖಯಂತ್ರವನ್ನಿಟ್ಟರೆ, ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ಸೆಳೆದು, ಹೊಗೆಯನ್ನು ಹೊರಕ್ಕೇ ಬಿಡುವಂಥದಾಗಿರಬೇಕು. ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಸೂಚಕವು ಹಾಸಿಗೆಯ ಬಳಿ ಇರಲೇಬೇಕು.

ಒಲೆಗೆ ಬಳಸುವ ಪ್ರೊಪೇನಿನ ಅಣುತೂಕ 44. ಗಾಳಿಯದು ಸರಾಸರಿ 29. ಆದುದರಿಂದ ಸೋರಿದ ಪ್ರೊಪೇನು ನೀರಿನಂತೆ ಕೆಳಗಿಳಿದು ನೆಲದ ಮೇಲೆ ನಿಲ್ಲುತ್ತದೆ. ಒಂದು ಕಿಡಿಗಾಗಿ ಕಾಯುತ್ತದೆ. ಆಂಬುಲೆನ್ಸಿನಲ್ಲಿ ಆಮ್ಲಜನಕದ ದೊಡ್ಡ ಸಿಲಿಂಡರಿಗಾಗಿ ಹೊರಗಿನಿಂದ ತೆರೆಯುವ ಕಪಾಟೊಂದಿರುತ್ತದೆ. ಅದು ಒಳಕೋಣೆಯಿಂದ ಪೂರ್ತಿ ಬೇರ್ಪಟ್ಟಿದೆಯೆಂದು ಖಚಿತಪಡಿಸಿಕೊಂಡು, ತಳದಲ್ಲಿ ಹೊರಕ್ಕೆ ತೆರೆಯುವ ರಂಧ್ರವನ್ನು ಮಾಡಿದರೆ, ಅನಿಲದ ಸಿಲಿಂಡರಿಗೆ ಅದು ತಕ್ಕ ಸ್ಥಳ. ಆದರೆ ಹಳೆಯ ಆಮ್ಲಜನಕದ ಕೊಳವೆಗಳನ್ನು ಪ್ರೊಪೇನಿಗೆ ಬಳಸಬಾರದು. ಅನಿಲದ ಕೊಳವೆಗಳನ್ನು ಬಲ್ಲವರಿಂದಲೇ ಹೊಸದಾಗಿ ಜೋಡಿಸಿ, ಸೋರಿಕೆಯನ್ನು ಸಾಬೂನು ನೀರಿನಿಂದ ಪರೀಕ್ಷಿಸತಕ್ಕದ್ದು.

ಪಾಲನೆ

ಕಟ್ಟುವುದು ಒಮ್ಮೆ, ಕಾಪಾಡುವುದು ಸದಾ. 1994ರಿಂದ 2003ರವರೆಗೆ ಫೋರ್ಡ್ ವಾಹನಗಳಲ್ಲಿದ್ದ 7.3 ಲೀಟರಿನ ಡೀಸೆಲ್ ಎಂಜಿನ್ನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಇಂತಹ ಎಂಜಿನ್ನುಳ್ಳ ಆಂಬುಲೆನ್ಸುಗಳು ಪ್ರವಾಸಿಗರಲ್ಲಿ ಹೆಸರುವಾಸಿ. ಇದರಲ್ಲಿ ಇಂಧನವನ್ನು ಸಿಲಿಂಡರಿಗೆ ಚಿಮ್ಮಿಸುವ ಒತ್ತಡವು ಎಂಜಿನ್ ಎಣ್ಣೆಯಿಂದಲೇ ಬರುತ್ತದೆ. ಹೀಗಿರುವಲ್ಲಿ ಎಣ್ಣೆ ಕೆಟ್ಟರೆ ಸವೆತ ಹೆಚ್ಚುವುದಷ್ಟೇ ಅಲ್ಲ, ಎಂಜಿನ್ನು ಓಡುವುದೇ ಕಷ್ಟವಾಗುತ್ತದೆ. ಎಣ್ಣೆಯನ್ನು ಮೈಲಿಗಳ ಲೆಕ್ಕದಲ್ಲಲ್ಲದೆ ಗಂಟೆಗಳ ಲೆಕ್ಕದಲ್ಲಿಯೂ ಬದಲಾಯಿಸಬೇಕು. ತಂಪುಗೊಳಿಸುವ ದ್ರವಕ್ಕೂ ಗಮನ ಬೇಕು. ಪ್ರತಿ ಸ್ಫೋಟಕ್ಕೂ ಸಿಲಿಂಡರಿನ ಗೋಡೆ ಕಂಪಿಸಿ, ಸುತ್ತಲಿನ ದ್ರವದಲ್ಲಿ ಆವಿಯ ಕಿರುಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಆ ಪೆಟ್ಟುಗಳು ಕಾಲಕ್ರಮದಲ್ಲಿ ಲೋಹವನ್ನು ಕೊರೆಯುತ್ತವೆ. ಇದನ್ನು ತಡೆಯುವ ರಾಸಾಯನಿಕವು ದ್ರವದಲ್ಲಿ ತಕ್ಕ ಪ್ರಮಾಣದಲ್ಲಿರುವಂತೆ ಆಗಾಗ ಪರೀಕ್ಷಿಸಬೇಕು.

ಬ್ರೇಕಿನ ದ್ರವವು ಗಾಳಿಯಲ್ಲಿನ ತೇವವನ್ನು ಹೀರುತ್ತದೆ. ಡಾಟ್-3 ಬಗೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಂಟಿಗ್ರೇಡು ಇರಬೇಕೆಂಬುದು ನಿಯಮ. ತೇವಗೊಂಡ ದ್ರವಕ್ಕೆ ಅದು 140 ಡಿಗ್ರಿಗಳಷ್ಟಿದ್ದರೆ ಸಾಕೆಂದಿದೆ. ಉದ್ದನೆಯ ಇಳಿಜಾರಿನಲ್ಲಿ ದ್ರವವು ಕುದಿದು ಆವಿಯಾದರೆ, ಕಾಲೊತ್ತಿದರೂ ಬ್ರೇಕು ಹಿಡಿಯದು. ಎರಡು ವರ್ಷಗಳಿಗೊಮ್ಮೆ ಅದನ್ನು ಬದಲಾಯಿಸುವುದು ಒಳಿತು. ಟಯರುಗಳ ಮೈಮೇಲೆ ಕೆತ್ತಿದ ಕೊನೆಯ ನಾಲ್ಕು ಅಂಕಿಗಳನ್ನೂ ಓದಬೇಕು. 2319 ಎಂದಿದ್ದರೆ, ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಹೆಚ್ಚು ಓಡದಿದ್ದರೂ ರಬ್ಬರಿಗೆ ಮುಪ್ಪು ತಪ್ಪದು. ಕೊನೆಯದಾಗಿ, ಅಲ್ಯೂಮಿನಿಯಮಿನ ಪೆಟ್ಟಿಗೆಯು ಉಕ್ಕನ್ನು ಮುಟ್ಟುವ ಕಡೆಗಳನ್ನು ನೋಡಬೇಕು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ಅದೊಂದು ವಿದ್ಯುತ್ಕೋಶವೇ ಆಗುತ್ತದೆ. ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ನಾಡುಗಳ ವಾಹನಗಳಲ್ಲಿ ಈ ತೊಂದರೆ ಹೆಚ್ಚು.

ಹೀಗೆ ಒಂದು ಹಳೆಯ ವಾಹನದಲ್ಲಿ ಓಮನ ನಿಯಮ, ಗುರುತ್ವಕೇಂದ್ರ, ಉಷ್ಣವಹನ, ದಹನ, ವಿದ್ಯುದ್ರಸಾಯನ ಇವೆಲ್ಲವೂ ಒಟ್ಟಿಗೆ ಪ್ರಯಾಣ ಮಾಡುತ್ತವೆ. ಪಾಠದ ಪುಸ್ತಕದಲ್ಲಿ ಲೆಕ್ಕ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಪ್ರಾಣ. ಅನೇಕರ ಪ್ರಾಣವನ್ನು ಉಳಿಸಿದ ವಾಹನವು ತನ್ನ ಎರಡನೆಯ ಬಾಳಿನಲ್ಲಿ ಒಡೆಯನ ಪ್ರಾಣಕ್ಕೆ ಕುತ್ತಾಗದಂತೆ ನೋಡಿಕೊಳ್ಳುವುದು ಲೆಕ್ಕ ಬಲ್ಲವನಿಗೆ ಕಷ್ಟದ ಕೆಲಸವೇನೂ ಅಲ್ಲ.

ಅಭ್ಯಾಸಕ್ಕೆ

1. ಮೇಲೆ ಹೇಳಿದ 6,000 ಕಿಲೋಗ್ರಾಂ ವಾಹನದ ಛಾವಣಿಯ ಮೇಲೆ 100 ಲೀಟರು ನೀರನ್ನಿರಿಸಿದರೆ ಗುರುತ್ವಕೇಂದ್ರವು ಎಷ್ಟು ಏರುತ್ತದೆ?

2. 600 ವಾಟಿನ ಉಪಕರಣವು ಬ್ಯಾಟರಿಯಿಂದ 4 ಮೀಟರು ದೂರದಲ್ಲಿದೆ. ತಂತಿಯು 16 ಚದರ ಮಿಲಿಮೀಟರಿನದಾದರೆ ಅದರಲ್ಲಿ ಎಷ್ಟು ವೋಲ್ಟು ನಷ್ಟವಾಗುತ್ತದೆ?

3. ಪ್ರೊಪೇನಿನ ಸೂಚಕವನ್ನು ನೆಲದ ಬಳಿಯೂ ಕಾರ್ಬನ್ ಮಾನಾಕ್ಸೈಡಿನ ಸೂಚಕವನ್ನು ಹಾಸಿಗೆಯ ಬಳಿಯೂ ಇಡುವುದೇಕೆ? ಕಾರ್ಬನ್ ಮಾನಾಕ್ಸೈಡಿನ ಅಣುತೂಕವನ್ನು ಗಾಳಿಯ ಸರಾಸರಿ ಅಣುತೂಕದೊಡನೆ ಹೋಲಿಸಿ ಉತ್ತರಿಸಿ.